ಪಟ್ಟಣಕ್ಕೆ ಹೋದವರು

ಕಳೆದ ವಾರ ನಾನೂ ಇವರೂ ರಾಸ್ ಅಲ್ ಖೋರ್ ಕಡೆಯ ಹಣ್ಣಿನ ಸಗಟು ಮಾರುಕಟ್ಟೆಗೆ ಹೋಗಿದ್ದೆವು. ಬಾಳೆಹಣ್ಣಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಯ ಹಾಗೆ ನಿಲ್ಲಿಸಿದ್ದರು. ಯಾರೋ ನೆಲ ತೊಳೆದ ನೀರು ಹರಿದು ಕೆಳಗಿನ ಸಾಲು ಒದ್ದೆಯಾಗಿತ್ತು. ಒದ್ದೆ ರಟ್ಟು, ಅದರೊಳಗೆ ಉಳಿದ ಹಣ್ಣಿನ ಸಿಹಿ, ಇವರ ಅಂಗಿಯಿಂದ ಯಾವಾಗಲೂ ಬರುವ ಕಾರಿನ ಪೇಂಟಿನ ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬಂದಾಗ ನಾನು ಅಲ್ಲೇ ನಿಂತುಬಿಟ್ಟೆ. ಎರಡು ಹೆಜ್ಜೆ ಮುಂದೆ ಹೋಗಿದ್ದ ಇವರು ತಿರುಗಿ ನೋಡಿದರು.

"ಎಂಥದು, ಕೋಟೆ ನೆನಪಾಯ್ತಾ?"

ಆಯ್ತು. ಆ ವರ್ಷದ ಸೆಕೆ ಮುಗಿದು ತಂಪು ಬರುವವರೆಗಿನ ಮೂರು ತಿಂಗಳು ಪೂರ್ತಿ ನೆನಪಾಯ್ತು. ಮೂರು ತಿಂಗಳು ಅಂತ ಅಷ್ಟು ಖಚಿತವಾಗಿ ಹೇಳುತ್ತೇನೆ, ಯಾಕೆಂದರೆ ಊರಿನಿಂದ ಬಂದಿದ್ದ ಬಾಯಮ್ಮನ ವಿಸಿಟ್ ವೀಸಾ ಇದ್ದದ್ದು ಅಷ್ಟೇ.

ಆಗ ನಾವು ರಾಸ್ ಅಲ್ ಖೋರ್‌ನಿಂದ ಹತ್ತು ನಿಮಿಷದ ದಾರಿಯಲ್ಲಿ, ಈಗಿರುವ ಇದೇ ಹಳೆಯ ಕಟ್ಟಡದಲ್ಲಿದ್ದೆವು. ಒಂದೇ ಫ್ಲ್ಯಾಟಿನಲ್ಲಿ ಎರಡು ಸಂಸಾರ. ಒಂದು ಕೋಣೆ ನಮ್ಮದು: ನಾನು, ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವ ನನ್ನ ಗಂಡ, ಹತ್ತು ವರ್ಷದ ಮಗಳು ಸನಾ. ಇನ್ನೊಂದು ಕೋಣೆ ಐರಿನ್ ಮತ್ತು ಅವಳ ಗಂಡ ರಾಬರ್ಟ್ ಅವರದ್ದು. ಅವಳು ಆಸ್ಪತ್ರೆಯಲ್ಲಿ ನರ್ಸ್, ರಾಬರ್ಟ್‌ಗೆ ಹೋಟೆಲಿನಲ್ಲಿ ಕೆಲಸ. ಅವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ನಾವು ಉಳ್ಳಾಲ ಕಡೆಯ ಬ್ಯಾರಿಗಳು. ನಡುವೆ ಜಿಪ್ಸಮ್ ಹಲಗೆಯ ಗೋಡೆ. ಒಂದೇ ಅಡುಗೆಮನೆ. ಫ್ರಿಜ್ಜಿನಲ್ಲಿ ಮೇಲಿನ ಎರಡು ಖಾನೆ ನಮಗೆ, ಕೆಳಗಿನ ಎರಡು ಅವರಿಗೆ. ಊರಿನಲ್ಲಿದ್ದಿದ್ದರೆ ನಾವಿಬ್ಬರು ಬಸ್ ಸ್ಟ್ಯಾಂಡಿನಲ್ಲಿ ಮುಖ ನೋಡಿ ನಗುತ್ತಿದ್ದೆವೋ ಇಲ್ಲವೋ. ಈ ಅರಬರ ನಾಡಿನಲ್ಲಿ ಒಂದೇ ಒಗ್ಗರಣೆಯ ಹೊಗೆಗೆ ಇಬ್ಬರೂ ಕೆಮ್ಮುತ್ತಿದ್ದೆವು. ಪಡೆದವನು, ಅಂದರೆ ನಮ್ಮನ್ನು ಸೃಷ್ಟಿಸಿದವನು, ಕೊಟ್ಟ ಉಪಕಾರಗಳನ್ನು ಅಸರ್ ನಮಾಜಿನ ನಂತರ ಬೆರಳಿನಲ್ಲಿ ಎಣಿಸುವುದು ನನ್ನ ಅಭ್ಯಾಸ. ಆಗ ಒಂದು ಬೆರಳು ಐರಿನ್‌ಗೆ ಮೀಸಲಾಗಿತ್ತು.

ಆಗಸ್ಟ್ ಕೊನೆಯಲ್ಲಿ ಐರಿನ್‌ಳ ಅಮ್ಮ ಬಂದರು, ಸೆವ್ರಿನ್ ಬಾಯಿ. ಮೂವತ್ತು ವರ್ಷ ಕನ್ನಡ ಟೀಚರಾಗಿದ್ದವರು. ನಾನು ಊರಿನ ರೂಢಿಯಂತೆ ಬಾಯಮ್ಮ ಎಂದೆ, ಸನಾ ಟೀಚರಜ್ಜಿ ಎಂದಳು. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವ ಸೆಕೆ. ಐರಿನ್ ಡ್ಯೂಟಿಗೆ ಹೋದ ಮೇಲೆ ಬಾಯಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತು ನನ್ನೊಡನೆ ಮಾತಾಡುತ್ತ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸೆಪ್ಟೆಂಬರಿನಲ್ಲಿ ಅವರ ಮೊಂತಿ ಹಬ್ಬ ಬಂದಾಗ ಇಗರ್ಜಿಯಿಂದ ತಂದ ಹೊಸ ತೆನೆಯ ಭತ್ತ ಸುಲಿದು ಪಾಯಸಕ್ಕೆ ಹಾಕಿ, ತರಕಾರಿ ಊಟದ ಒಂದು ತಟ್ಟೆ ನಮ್ಮ ಕೋಣೆಗೂ ಕಳಿಸಿದರು. ಒಂದು ಕಾಳು ಹೊಸ ಅಕ್ಕಿ ನಮ್ಮ ಪಾಲಿಗೂ ಬಂತು. ಅಲ್ಹಮ್ದುಲಿಲ್ಲಾಹ್.

ಸನಾಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿ ಬಿಟ್ಟರೆ ಇಂಗ್ಲಿಷ್. ರಜೆಯ ದಿನ ನಡೆಯುವ ಕನ್ನಡ ಪಾಠಕ್ಕೆ ಅವಳನ್ನು ಹಾಕಿದ್ದೆ. ಅಲ್ಲಿ ಕಲಿಸುತ್ತಿದ್ದ ಮಾಷ್ಟ್ರು ಕುಂದಾಪುರದವರು, ಆಫೀಸಿನ ಕೆಲಸ ಮುಗಿಸಿ ಉಳಿದ ಉಸಿರನ್ನೆಲ್ಲ ಮಕ್ಕಳಿಗೆ ಕೊಡುವವರು. ಅವರು ನವೆಂಬರಿನ ರಾಜ್ಯೋತ್ಸವಕ್ಕೆ ಶ್ರೀರಂಗಪಟ್ಟಣದ ಕೊನೆಯ ಯುದ್ಧದ ನಾಟಕ ಬರೆದಿದ್ದರು. ಸುಲ್ತಾನರ ಕೋಟೆಯ ಹೊರಗೆ ಕಂಪನಿಯ ದಂಡು. ಮಳೆ ಬಂದು ಕಾವೇರಿ ತುಂಬಿದರೆ ದಂಡಿಗೆ ದಾಟಲಿಕ್ಕಾಗುವುದಿಲ್ಲ, ಮುತ್ತಿಗೆ ಮುರಿಯುತ್ತದೆ. ಒಳಗಿನವರು ಮಳೆಗೆ ಕಾಯುತ್ತಾರೆ. ಹೊರಗಿನವರು ಮಳೆಗಿಂತ ಮೊದಲು ಗೋಡೆ ಒಡೆಯಲು ಅವಸರ ಮಾಡುತ್ತಾರೆ. ಕೊನೆಗೆ ಬೇಸಿಗೆಯ ಒಂದು ನಡುಹಗಲು, ಬಿಸಿಲು ನೆತ್ತಿಯ ಮೇಲಿರುವಾಗ, ನೀರು ಇಳಿದಿದ್ದ ಹೊಳೆ ದಾಟಿ ಬಂದು ನುಗ್ಗುತ್ತಾರೆ. ಈ ಕಥೆ ಹೇಳಿದಾಗ ಇವರು ತಟ್ಟೆಯಿಂದ ತಲೆಯೆತ್ತಿ, "ಹುಷಾರಿನವರು ಅವರು. ಆ ಹೊತ್ತಿಗೆ ಯಾರ ಕೈಯಲ್ಲೂ ಕೆಲಸ ಆಗುವುದಿಲ್ಲ" ಎಂದರು. ಜುಲೈ ತಿಂಗಳ ಗ್ಯಾರೇಜು ಕಂಡವರ ಮಾತು.

ಕಂಪನಿಯ ಸೈನಿಕರಾಗಲು ಯಾವ ಮಗುವೂ ಒಪ್ಪಲಿಲ್ಲ. ಒಬ್ಬ ತಂದೆ ಫೋನ್ ಮಾಡಿ ನನ್ನ ಮಗ ಕಂಪನಿಗೆ ಸೇರುವುದಿಲ್ಲ ಎಂದರಂತೆ. ಅವರೇ ಇಪ್ಪತ್ತು ವರ್ಷದಿಂದ ಕಂಪನಿ ವೀಸಾದಲ್ಲಿದ್ದವರಲ್ಲವೇ ಎಂದು ಮಾಷ್ಟ್ರು ನಮ್ಮೆದುರು ನಕ್ಕರು. ಆದರೆ ಕೊನೆಗೆ ಕೆಂಪು ಟೀ ಶರ್ಟು ತೊಟ್ಟ ಮಕ್ಕಳಿಗೆ ಅಭ್ಯಾಸವೇ ಬೇಕಾಗಲಿಲ್ಲ, ಅವರ ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ಕಷ್ಟವೆಲ್ಲ ಕೋಟೆಯೊಳಗಿನವರಿಗೆ.

ಸನಾ ಕೋಟೆಯ ಮೇಲೆ ನಿಂತು ಹೊಳೆ ನೋಡುವ ಕಾವಲಿನವಳು. ನಾಲ್ಕೇ ಮಾತು. ನಾನು ಆ ನಾಲ್ಕನ್ನು ಮಾತ್ರ ಅಂಗಡಿಯ ಬಿಲ್ಲಿನ ಹಿಂಭಾಗದಲ್ಲಿ ಬರೆದು, ಕಲಿಸಿಕೊಡಿ ಎಂದು ಬಾಯಮ್ಮನ ಕೈಗೆ ಕೊಟ್ಟೆ. ನಾಟಕ ಯಾವುದೆಂದು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳಬೇಕೆಂದು ಹೊಳೆಯಲೇ ಇಲ್ಲ.

"ಹೊಳೆಯಲ್ಲಿ ಮಂಡಿಯುದ್ದ ನೀರೂ ಇಲ್ಲ. ಮೋಡ ಎಲ್ಲೂ ಕಾಣುವುದಿಲ್ಲ." ಎರಡು ವಾರ ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ಇದೇ. ಹೊಳೆ ತುಂಬುವುದೆಂದರೇನೆಂದು ಸನಾಳಿಗೆ ಗೊತ್ತಿರಲಿಲ್ಲ. ಅವಳು ಕಂಡ ನೀರೆಲ್ಲ ಸಮುದ್ರ ಇಲ್ಲವೇ ನಲ್ಲಿ. ಬಾಯಮ್ಮ ಅವಳನ್ನು ಕಿಟಕಿಯ ಬಳಿ ನಿಲ್ಲಿಸಿ, ಆರು ಲೇನಿನ ರಸ್ತೆ ತೋರಿಸಿ, "ಅಷ್ಟು ಅಗಲ, ಕೆಂಪು ನೀರು, ಅದರಲ್ಲಿ ತೆಂಗಿನಮರ ಬುಡಸಮೇತ ತೇಲಿಕೊಂಡು ಬರ್ತದೆ. ಈಗ ಹೇಳು, ನೀರಿಲ್ಲ ಅಂತ. ನೀರು ಬರಬೇಕಿತ್ತು ಅಂತ ಆಸೆ ಉಂಟಲ್ಲ, ಅದು ಸ್ವರದಲ್ಲಿ ಬರಲಿ" ಎಂದರು. ಮಗಳು ಹೇಳಿದಳು. ಒಲೆಯ ಮುಂದಿದ್ದ ನನ್ನ ಕೈ ತಡೆಯಿತು. ನನ್ನ ಮಗುವಿನ ಬಾಯಲ್ಲಿ ಕನ್ನಡ ಹಾಗೆ ಬಂದದ್ದು ಅದೇ ಮೊದಲು.

ಇವರು ಮಾರುಕಟ್ಟೆಯಿಂದ ಬಾಳೆಹಣ್ಣಿನ ಪೆಟ್ಟಿಗೆ ತಂದು, ಗ್ಯಾರೇಜಿನಲ್ಲಿ ಉಳಿದ ಬೂದು ಪ್ರೈಮರ್ ಹೊಡೆದು, ಕೋಟೆಯ ಕಲ್ಲುಗಳನ್ನು ಮಾಡಿದರು. ಬಾಲ್ಕನಿ ತುಂಬ ಕೋಟೆ. ಮನೆಯೆಲ್ಲ ಆ ವಾಸನೆ.

ಇನ್ನು ಬಟ್ಟೆ. ಸುಲ್ತಾನರ ಸೈನಿಕರಿಗೆ ಹುಲಿಪಟ್ಟೆಯ ಅಂಗಿ ಇತ್ತಂತೆ. ನಾನು ದೇರಾದ ಬಟ್ಟೆಪೇಟೆಗೆ ಹೋಗಿ ಹಳದಿ ಬಟ್ಟೆಯ ಮೇಲೆ ಕಪ್ಪು ಪಟ್ಟೆ ಇದ್ದದ್ದನ್ನು ಹುಡುಕಿ ತಂದೆ. ಐರಿನ್‌ಳ ಹೊಲಿಗೆ ಮೆಷಿನಿನ ಮೇಲೆ ಹರಡಿ, ಹೊಲಿದುಕೊಡಿ ಎಂದು ಬಾಯಮ್ಮನನ್ನು ಕರೆದು ತೋರಿಸಿದೆ. ಅವರ ಕೈ ಬಟ್ಟೆಯ ಮೇಲೆ ನಿಂತಿತು.

"ಇದು ಯಾವ ನಾಟಕ, ಮಗಾ?"

ಶ್ರೀರಂಗಪಟ್ಟಣದ್ದು ಎಂದೆ, ಹೆಮ್ಮೆಯಿಂದಲೇ. ಬಾಯಮ್ಮ ಬಟ್ಟೆಯನ್ನು ನಾಲ್ಕಾಗಿ ಮಡಚಿದರು. ಅಂಚಿಗೆ ಅಂಚು ಸೇರಿಸಿ, ಶಾಲೆಯ ಧ್ವಜ ಮಡಚುವ ಹಾಗೆ ನಿಧಾನವಾಗಿ. ಮೆಷಿನಿನ ಮೇಲಿಟ್ಟು ಒಳಗೆ ಹೋದರು. ಮರುದಿನ ಮಧ್ಯಾಹ್ನ ಸನಾ ಹೋಗಿ ಬಾಗಿಲು ತಟ್ಟಿದರೆ ತಲೆನೋವು ಎಂದರು. ಅದರ ಮರುದಿನವೂ ತಲೆನೋವು.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದ ಐರಿನ್‌ಗೆ, ಅಮ್ಮನಿಗೆ ನಮ್ಮ ಮಗುವಿಗೆ ಹೊಲಿಯಲು ಮನಸ್ಸಿಲ್ಲದಿದ್ದರೆ ನೇರ ಹೇಳಬಹುದಿತ್ತು, ಬಟ್ಟೆಗೂ ಜಾತಿ ಉಂಟೆಂದು ನನಗೆ ಗೊತ್ತಿರಲಿಲ್ಲ ಎಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ, ಪಡೆದವನು ಕ್ಷಮಿಸಲಿ. ಐರಿನ್ ಒಂದು ಶೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು.

"ಜೊಹರಾ, ಅಮ್ಮನಿಗೆ ಯಾಕೆ ಆಗುವುದಿಲ್ಲ ಅಂತ ನಿನಗೆ ನಿಜವಾಗಿ ಗೊತ್ತಿಲ್ವಾ?"

"ಗೊತ್ತಿದ್ದರೆ ಕೇಳ್ತಿದ್ನಾ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಮಾತು ನಿಂತಿತು. ಒಬ್ಬರು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬರು ಬರುವುದಿಲ್ಲ. ಒಂದೇ ಮನೆಯಲ್ಲಿ ಹಾಗೆ ಬದುಕುವುದು ಚಪ್ಪಲಿಯಲ್ಲಿ ಕಲ್ಲಿಟ್ಟುಕೊಂಡು ನಡೆದ ಹಾಗೆ. ವಾರ ಕಳೆಯುವಾಗ, ರಾಬರ್ಟ್ ಸಿಲಿಕಾನ್ ಓಯಸಿಸ್‌ನಲ್ಲಿ ಬೇರೆ ಮನೆ ನೋಡಿ ಬಂದಿದ್ದಾರೆ, ತಿಂಗಳ ಕೊನೆಗೆ ಹೇಳುತ್ತಾರಂತೆ ಎಂದು ಇವರು ಗ್ಯಾರೇಜಿನಿಂದ ಬಂದವರೇ ಹೇಳಿದರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಸನಾಳ ನಾಲ್ಕು ಮಾತು ಮತ್ತೆ ಇಂಗ್ಲಿಷ್ ನಾಲಿಗೆಗೆ ಇಳಿದವು. ಟೀಚರಜ್ಜಿ ಬರದಿದ್ದರೆ ನಾಟಕಕ್ಕೆ ಹೋಗುವುದಿಲ್ಲ ಎಂದಳು.

ನನಗೆ ನಿಜವಾಗಿ ಗೊತ್ತಿರಲಿಲ್ಲವೇ? ಈಗ ಸತ್ಯ ಹೇಳಬೇಕು. ಸುಲ್ತಾನರ ಕಾಲದಲ್ಲಿ ಕ್ರೈಸ್ತರನ್ನು ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ, ಹಳಬರ ಬಾಯಲ್ಲಿ ಬರೀ ಪಟ್ಟಣಕ್ಕೆ, ಸೆರೆ ಒಯ್ದ ಮಾತು ಕೇಳಿದ್ದೆ. ಆದರೆ ಫೋನಿನಲ್ಲಿ ಬರುವ ಜಗಳದ ಮಾತಾಗಿ ಕೇಳಿದ್ದೆ, ಒಂದು ಮನೆಯ ಮಾತಾಗಿ ಕೇಳಿರಲಿಲ್ಲ. ಜಗಳದ ಮಾತನ್ನು ನಾವು ಒರೆಸಿ ಹಾಕುತ್ತೇವೆ, ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಒಂದು ಗುರುವಾರ ಸಂಜೆ. ನಮ್ಮಲ್ಲಿ ಗುರುವಾರ ಮಗ್ರಿಬ್ ನಮಾಜು ಆದ ಮೇಲೆ ಯಾಸೀನ್ ಅಧ್ಯಾಯ ಓದಿ, ತೀರಿಹೋದವರ ಹೆಸರು ಹೇಳಿ ದುಆ ಮಾಡುವ ರೂಢಿ. ನನ್ನ ಉಮ್ಮನಿಂದ ಕಲಿತ ಪಟ್ಟಿ, ಹತ್ತಿರದವರಿಂದ ಹಿಂದಕ್ಕೆ ಹೋಗುತ್ತದೆ. ಕೊನೆಯ ಹೆಸರು ಪಟ್ಟಣಕ್ಕೆ ಹೋದ ಮೂಸಬ್ಬ. ಹೇರೆತ್ತುಗಳ ಮೇಲೆ ಉಪ್ಪು, ಒಣಮೀನು ಹೇರಿಕೊಂಡು ಘಟ್ಟ ಹತ್ತಿದ ನಮ್ಮ ಹಿರಿಯಜ್ಜ. ಕೋಟೆಯೊಳಗೆ ಉಪ್ಪು ಇಳಿಸಿ ಬರುತ್ತೇನೆ ಎಂದವರು ಮುತ್ತಿಗೆಯ ಒಳಗೆ ಉಳಿದುಹೋದರಂತೆ. ಎಷ್ಟೋ ತಿಂಗಳ ನಂತರ ಒಂದು ಎತ್ತು ಮಾತ್ರ ಮೂಗುದಾರವಿಲ್ಲದೆ ಅಂಗಳಕ್ಕೆ ಬಂದು ನಿಂತಿತೆಂದು ಕಥೆ. ಗೋರಿ ಎಲ್ಲೆಂದು ಗೊತ್ತಿಲ್ಲದವರಿಗೆ ದುಆ ಬಿಟ್ಟರೆ ಬೇರೆ ಏನಿದೆ ಎಂದು ಉಮ್ಮ ಹೇಳುತ್ತಿದ್ದರು.

ನಾನು ಮುಗಿಸುವ ಹೊತ್ತಿಗೆ ಗೋಡೆಯಾಚೆ ಜಪಮಾಲೆ ಶುರುವಾಯಿತು. ಬಾಯಮ್ಮ ಬಂದಾಗಿನಿಂದ ದಿನವೂ ಕೇಳುತ್ತಿದ್ದ ಕೊಂಕಣಿ ಪ್ರಾರ್ಥನೆ. ಕೊನೆಯಲ್ಲಿ ಬರುವ ಒಂದು ಸಾಲಿಗೆ ಅವರ ಸ್ವರ ತಗ್ಗುತ್ತಿತ್ತು. ಸನಾ ನನ್ನ ನಮಾಜಿನ ಮುಸಲ್ಲ ಚಾಪೆಯ ಮೂಲೆಯಲ್ಲಿ ಕೂತಿದ್ದಳು. ಆ ಸಾಲು ಬಂದಾಗ ಗೋಡೆಯ ಕಡೆ ಬೆರಳು ತೋರಿಸಿದಳು.

"ಉಮ್ಮಾ, ಅದು ಪಟ್ಟಣಕ್ಕೆ ನಡೆದವರಿಗೆ. ಟೀಚರಜ್ಜಿ ಟೋಲ್ಡ್ ಮಿ. ದೇ ಡಿಡ್ ನಾಟ್ ಕಮ್ ಬ್ಯಾಕ್. ಲೈಕ್ ಅವರ್ ಮೂಸಬ್ಬ."

ಎರಡು ತಿಂಗಳು ಆ ಗೋಡೆಯ ಈಚೆ ನಾನು, ಆಚೆ ಅವರು, ಒಂದೇ ಊರಿಗೆ ಹೋದವರಿಗಾಗಿ ಕೈಯೆತ್ತಿದ್ದೆವು.

ಮರುದಿನ ಬೆಳಿಗ್ಗೆ ಅಕ್ಕಿಯ ಪತ್ತಿರ್ ರೊಟ್ಟಿ ತಟ್ಟಿ, ಬಿಸಿಯಿರುವಾಗಲೇ ತಟ್ಟೆ ಹಿಡಿದು ಅವರ ಬಾಗಿಲು ತಟ್ಟಿದೆ. ಐರಿನ್ ತೆರೆದಳು. ತಟ್ಟೆ ನೋಡಿ, ನನ್ನ ಮುಖ ನೋಡಿ, ಪಕ್ಕಕ್ಕೆ ಸರಿದಳು. ಬಾಯಮ್ಮ ಮಂಚದ ಅಂಚಿನಲ್ಲಿ ಕೂತಿದ್ದರು. ನಾನು ನೆಲದ ಮೇಲೆ ಕೂತೆ. ನನಗೆ ಗೊತ್ತಾಗದೆ ತಪ್ಪಾಯಿತು, ಐರಿನ್‌ಗೆ ಅಂದ ಮಾತು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಆಮೇಲೆ ಮೂಸಬ್ಬನ ಕಥೆ ಹೇಳಿದೆ, ಎತ್ತು ಬಂದು ನಿಂತಲ್ಲಿವರೆಗೆ. ಬಾಯಮ್ಮ ಪೂರ್ತಿ ಕೇಳಿದರು. ಅವರು ಹೇಳಲು ಶುರು ಮಾಡಿದಾಗ ಶಾಲೆಯ ಸ್ವರ ಇರಲಿಲ್ಲ.

ಅವರ ಮನೆಯಿಂದ ಹನ್ನೊಂದು ಜನ ನಡೆದುಹೋದರಂತೆ, ಬೂದಿ ಬುಧವಾರದ ಬೂದಿ ಹಣೆಯ ಮೇಲಿರುವಾಗಲೇ. ಘಟ್ಟದಲ್ಲೇ ಕೆಲವರು ತೀರಿಹೋದರು, ಪಟ್ಟಣದಲ್ಲಿ ಉಳಿದವರು. ವಾಪಸು ಬಂದವಳು ಒಬ್ಬಳೇ. ಹೋಗುವಾಗ ತಾಯಿಯ ಸೊಂಟದ ಮೇಲಿದ್ದ ಮಗು, ಬರುವಾಗ ಪ್ರಾಯದ ಹೆಂಗಸು. ಅವಳಿಗೆ ಕೊಂಕಣಿ ಬರುತ್ತಿರಲಿಲ್ಲ, ಪಟ್ಟಣದ ಕನ್ನಡ ಮಾತ್ರ. ಅಂಗಳದಲ್ಲಿ ನಿಂತು ಕನ್ನಡದಲ್ಲಿ ಇದು ನಮ್ಮ ಮನೆಯಾ ಎಂದು ಕೇಳಿದಳಂತೆ. ಬಾಯಮ್ಮ ಕನ್ನಡ ಟೀಚರ್ ಆದಾಗ ಅವರ ಅಜ್ಜಿ, ಪಟ್ಟಣದಿಂದ ಬಂದವಳ ನಾಲಿಗೆ ನಿನಗೆ ಬಂತು ಎಂದಿದ್ದರಂತೆ.

ಬಾಯಮ್ಮ ಪತ್ತಿರ್‌ನ ಒಂದು ತುಂಡು ಮುರಿದರು. ತಿನ್ನಲಿಲ್ಲ.

"ನೋಡು ಮಗಾ, ಕಂಪನಿಯವರು ನಮಗೋಸ್ಕರ ಬಂದದ್ದಲ್ಲ. ಅವರು ಅವರ ವ್ಯಾಪಾರಕ್ಕೆ ಬಂದದ್ದು. ಆದರೂ ಆ ಕೋಟೆ ಬಿದ್ದದ್ದಕ್ಕೆ ನಮ್ಮವಳು ಮನೆಗೆ ಬಂದಳು. ಅದೇ ಕೋಟೆ ಬಿದ್ದದ್ದಕ್ಕೆ ನಿಮ್ಮವರು ಬರಲಿಲ್ಲ. ಇದನ್ನು ಎಂಥ ಮಾಡುವುದು, ಹೇಳು."

ಐರಿನ್ ಬಾಗಿಲಿಗೆ ಒರಗಿ ಅಳುತ್ತಿದ್ದಳು.

"ಆ ಪಟ್ಟೆ ನಾನು ಹೊಲಿಯಲಾರೆ. ಕೋಪ ಅಲ್ಲ, ಕೈ ಬರುವುದಿಲ್ಲ" ಎಂದರು ಬಾಯಮ್ಮ.

ಬೇಡ ಬಾಯಮ್ಮ, ಅದನ್ನು ನಾನೇ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆ. ಅವರು, ಗೋಡೆಯ ಮೇಲೆ ನಿಂತು ಮೋಡ ನೋಡಲು ಸೈನಿಕಳೇ ಆಗಬೇಕೆಂದೇನು, ಕೋಟೆಯೊಳಗೆ ಉಪ್ಪು ಹೊತ್ತವರೂ ಇರಲಿಲ್ಲವಾ ಎಂದರು. ಎದ್ದು ಪೆಟ್ಟಿಗೆ ತೆರೆದು, ಊರಿನಿಂದ ಹೊದೆಯಲು ತಂದಿದ್ದ ಬಿಳಿ ಹತ್ತಿಯ ಚಾದರ ಹೊರತೆಗೆದರು. ಮಧ್ಯಾಹ್ನದ ಹೊತ್ತಿಗೆ ಮೆಷಿನಿನ ಸದ್ದು ಕೇಳಿಸಿತು. ಪತ್ತಿರ್‌ನ ತಟ್ಟೆ ತೊಳೆದು, ಅದರಲ್ಲಿ ನಾಲ್ಕು ಸಾನ್ನಾ ಇಡ್ಲಿ ಇಟ್ಟು ಐರಿನ್ ವಾಪಸು ತಂದಳು. ಖಾಲಿ ತಟ್ಟೆ ಕೊಡಬಾರದಲ್ಲ. ಸಿಲಿಕಾನ್ ಓಯಸಿಸ್ ಮನೆಯ ಬಗ್ಗೆ ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿ ನಿಂತು ಅವಳೇ, "ಅಲ್ಲಿ ಅಡುಗೆಮನೆಗೆ ಕಿಟಕಿಯೇ ಇಲ್ಲ ಮಾರಾಯ್ತಿ" ಎಂದಳು. ಅಷ್ಟಕ್ಕೇ ಆ ವಿಷಯ ಖಲಾಸ್.

ಹುಲಿಪಟ್ಟೆ ಇಲ್ಲದ ಕಾವಲಿನವಳನ್ನು ಕಂಡು ಮಾಷ್ಟ್ರು ಮೊದಲು ಗೊಣಗಿದರು. ಕಾರಣ ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ನಾಟಕದ ದಿನ ಹಾಲ್ ತುಂಬಿತ್ತು. ಬಾಯಮ್ಮ ಬರುವುದಿಲ್ಲವೆಂದೇ ತಿಳಿದಿದ್ದೆ. ಅವರು ಎಲ್ಲರಿಗಿಂತ ಮೊದಲು ತಯಾರಾಗಿ ಲಿಫ್ಟಿನ ಹತ್ತಿರ ನಿಂತಿದ್ದರು. ನನಗೂ ಐರಿನ್‌ಗೂ ನಡುವೆ ಕೂತರು. ಪರದೆ ಸರಿಯಿತು. ಇವರ ಬೂದು ಕೋಟೆ ನೋಡಿ ಜನ ಚಪ್ಪಾಳೆ ತಟ್ಟಿದರು, ಕಂಪನಿ ಬರುವ ಮೊದಲೇ ಒಂದು ಪೆಟ್ಟಿಗೆ ತಾನಾಗಿ ಉರುಳಿ ನಗೆಯೂ ಆಯಿತು. ಸನಾ ಬಿಳಿ ಅಂಗಿಯಲ್ಲಿ, ಹೆಗಲ ಮೇಲೆ ಉಪ್ಪಿನ ಮೂಟೆಯಿಟ್ಟುಕೊಂಡು ಗೋಡೆಯ ಮೇಲೆ ಬಂದಳು. ಹೊಳೆಯಲ್ಲಿ ಮಂಡಿಯುದ್ದ ನೀರೂ ಇಲ್ಲ ಎಂದಳು. ಮೋಡ ಎಲ್ಲೂ ಕಾಣುವುದಿಲ್ಲ ಎಂದಳು. ಬಾಯಮ್ಮನ ತುಟಿ ಅವಳ ಜೊತೆಗೇ ಅಲುಗುತ್ತಿತ್ತು.

ಕೆಂಪು ಅಂಗಿಯವರು ನುಗ್ಗಿದರು. ಕೋಟೆ ಬಿತ್ತು. ಸುಲ್ತಾನರ ಪಾತ್ರದ ಹುಡುಗ ಬಿದ್ದ. ಮಾಷ್ಟ್ರು ಬರೆದ ನಾಟಕ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸನಾ ಬಿದ್ದ ಪೆಟ್ಟಿಗೆಗಳ ನಡುವಿನಿಂದ ಎದ್ದು ಮುಂದೆ ಬಂದಳು. ಪರದೆ ಎಳೆಯುವವನು ಹಗ್ಗ ಹಿಡಿದು ಮಾಷ್ಟ್ರ ಮುಖ ನೋಡುತ್ತಿದ್ದ. ಅವಳು ಮೂಟೆ ಕೆಳಗಿಟ್ಟು, ಸ್ಪಷ್ಟ ಕನ್ನಡದಲ್ಲಿ ಒಂದು ಮಾತು ಹೇಳಿದಳು.

"ಪಟ್ಟಣಕ್ಕೆ ಬಂದವರೆಲ್ಲ ಮನೆ ಮುಟ್ಟಲಿ."

ಬಾಯಮ್ಮನ ಜಪಮಾಲೆಯ ಆ ಕೊನೆಯ ಸಾಲು. ಅದನ್ನು ಕನ್ನಡಕ್ಕೆ ತಂದವಳು ಅವಳೇ, ಯಾರೂ ಹೇಳಿಕೊಟ್ಟದ್ದಲ್ಲ. ಹಾಲಿನಲ್ಲಿ ಕೂತವರೆಲ್ಲ ಒಂದು ಪಟ್ಟಣಕ್ಕೆ ಬಂದವರೇ. ಎರಡು ವರ್ಷ ಎಂದು ಬಂದು ಇಪ್ಪತ್ತಾದವರು, ತಂದೆಯ ಮಯ್ಯತ್ತಿಗೆ ಹೆಗಲು ಕೊಡಲಿಕ್ಕೂ, ತಾಯಿಯ ಮಣ್ಣಿಗೂ ಹೋಗಲಾಗದವರು. ಇವರು ಕೈಯಲ್ಲಿ ಮುಖ ಒರೆಸಿಕೊಂಡರು. ಬಾಯಮ್ಮ ನನ್ನ ಕೈ ಹಿಡಿದದ್ದನ್ನು ಪರದೆ ಬಿದ್ದ ಮೇಲೂ ಬಿಡಲಿಲ್ಲ.

ಮೂರು ವಾರದ ನಂತರ ಅವರ ವೀಸಾ ಮುಗಿಯಿತು. ಹೊರಡುವಾಗ ಸನಾಳ ತಲೆಯ ಮೇಲೆ ಕೈಯಿಟ್ಟು, ಇನ್ನು ಇಂಗ್ಲಿಷಿನಲ್ಲಿ ಫೋನ್ ಮಾಡಿದರೆ ಕಟ್ ಮಾಡುತ್ತೇನೆ ಎಂದರು. ಹೊರಗೆ ಮೊದಲ ತಂಪು ಗಾಳಿ ಬೀಸುತ್ತಿತ್ತು.

ಈಗ ಸನಾ ನನಗಿಂತ ಎತ್ತರ. ಐರಿನ್ ಕೆಲಸ ಬದಲಿಸಿ ದೂರದ ಮದೀನತ್ ಜಾಯೆದ್‌ನ ಆಸ್ಪತ್ರೆಗೆ ಹೋಗಿದ್ದಾಳೆ. ಗೋಡೆಯಾಚೆ ಬೇರೆ ಸಂಸಾರ ಬಂದಿದೆ, ಒಳ್ಳೆಯವರೇ, ಟೀವಿ ಸ್ವಲ್ಪ ಜೋರು. ಮಾರುಕಟ್ಟೆಯಿಂದ ಬಂದವಳೇ ಐರಿನ್‌ಗೆ ಫೋನ್ ಮಾಡಿ ಒದ್ದೆ ಪೆಟ್ಟಿಗೆಯ ವಾಸನೆಯ ವಿಷಯ ಹೇಳಿದೆ. ಅವಳು ನಕ್ಕಳು, ಆಮೇಲೆ ಅಮ್ಮನ ಸುದ್ದಿ ಹೇಳಿದಳು. ಬಾಯಮ್ಮನಿಗೆ ಈಗ ಮರೆವು. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ, ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ. ಆದರೆ ಜಪಮಾಲೆ ಒಂದು ಮಣಿ ತಪ್ಪುವುದಿಲ್ಲ. ಮೊನ್ನೆ ಇಗರ್ಜಿಯ ವಾಡೆಯ ನೆರೆಯವರೆಲ್ಲ ಪ್ರಾರ್ಥನೆಗೆ ಮನೆಯಲ್ಲಿ ಸೇರಿದ್ದರಂತೆ. ಕೊನೆಗೆ ಪಟ್ಟಣಕ್ಕೆ ನಡೆದ ಹನ್ನೊಂದು ಜನರ ಹಿಂದೆ ಬಾಯಮ್ಮ ಮೂಸಬ್ಬ ಎಂದೂ ಸೇರಿಸಿದ್ದಾರೆ. ಜನ ಮುಖ ಮುಖ ನೋಡಿಕೊಂಡರಂತೆ. ಮುದುಕಿಗೆ ಮತ್ತೆ ಮರೆವು ಬಂತೆಂದುಕೊಂಡು ಪಕ್ಕದ ಮನೆಯವಳು ಮೆಲ್ಲಗೆ, ಅದು ಯಾರು ಬಾಯೆ, ನಿಮ್ಮಲ್ಲಿ ಆ ಹೆಸರಿನವರು ಇಲ್ಲವಲ್ಲ ಎಂದು ಕೇಳಿದ್ದಾಳೆ.

"ನಮ್ಮವನೇ" ಎಂದರಂತೆ ಬಾಯಮ್ಮ. "ಉಪ್ಪು ಕೊಟ್ಟು ಬರ್ತೇನೆ ಅಂತ ಹೋದವನು. ಇನ್ನೂ ಬರಲಿಲ್ಲ."